ನಾಯಿಗೆ ಕಲಿಸುವ ಪಾಠ: ಬಹುಮಾನದ ಬಗೆಗಿನ ತಪ್ಪು ಕಲ್ಪನೆಗಳೊಡನೆ ಮೂರು ಶನಿವಾರಗಳು

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನ್ನನ್ನು ಶಲವಡಿಯ ಪ್ರೌಢಶಾಲೆಯೊಂದಕ್ಕೆ ನಿಯೋಜಿಸಲಾಗಿತ್ತು. ನನ್ನ ಬೋಧನಾ ವಿಷಯ ಜೀವವಿಜ್ಞಾನ. ಒಂದು ಸೋಮವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎರಡನೆಯ ಅವಧಿ ಮುಗಿಯುವ ಹೊತ್ತಿಗೆ ಬಂದ. ತಡವೇಕೆಂದು ಕೇಳಿದೆ. "ತಂಗಿಗೆ ಇಂಜೆಕ್ಷನ್ ಮಾಡಸಾಕ ಹೋಗಿದ್ವಿರಿ. ನಮ್ಮ ನಾಯಿನ ಕಡದೈತ್ರಿ" ಎಂದ. ಐದು ವರ್ಷದ ತಂಗಿ, ನಾಯಿ ಉಣ್ಣುವಾಗ ಅದರ ತಾಟಿಗೆ ಕೈ ಹಾಕಿದ್ದಳಂತೆ. ಮುಂಗೈಗೆ ಹಲ್ಲು ನಾಟಿತ್ತು.

ನಾನು ಮೊದಲು ಕೇಳಿದ್ದು ಗಾಯವನ್ನು ತೊಳೆದಿರಾ ಎಂದು. ಅರಿಷಿಣ ಹಚ್ಚಿದ್ದರು, ತೊಳೆದಿರಲಿಲ್ಲ. ಆಸ್ಪತ್ರೆಯಲ್ಲಿ ತೊಳೆದು ಲಸಿಕೆ ಹಾಕಿದ್ದರು. ಅಂದಿನ ಅವಧಿಯ ಉಳಿದ ಐದು ನಿಮಿಷವನ್ನು ನಾನು ಇದಕ್ಕೇ ಬಳಸಿದೆ: ನಾಯಿ ಕಚ್ಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು, ಸುಣ್ಣ, ಅರಿಷಿಣ, ಖಾರದಪುಡಿ ಯಾವುದನ್ನೂ ಹಚ್ಚಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಮೊದಲ ಇಂಜೆಕ್ಷನ್‌ಗೆ ನಿಲ್ಲಿಸದೆ ವೈದ್ಯರು ಹೇಳಿದ ದಿನಗಳಲ್ಲೆಲ್ಲ ಹಾಕಿಸಿಕೊಳ್ಳಬೇಕು, ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಇಲ್ಲ ಎಂದಾಗ ತರಗತಿ ನಿಶ್ಶಬ್ದವಾಯಿತು.

ನನ್ನನ್ನು ಯೋಚನೆಗೆ ಹಚ್ಚಿದ್ದು ಹುಡುಗ ಆಮೇಲೆ ಹೇಳಿದ ಮಾತು. "ಮೊದಲ ಗುರ್ ಅಂತಿತ್ರಿ. ಗುರ್ ಅಂದಾಗೆಲ್ಲ ಅಪ್ಪ ಬಡದ್ರು. ಬಂದಾಯ್ತು. ಈಗ ಗುರ್ ಅನ್ನೂದ ಇಲ್ರಿ, ಸೀದಾ ಕಡದ ಬಿಡ್ತು." ಮನೆಯವರು ನಾಯಿಯನ್ನು ದೂರದ ಊರಿನಲ್ಲಿ ಬಿಟ್ಟು ಬರುವ ಮಾತಾಡುತ್ತಿದ್ದರು. ಹುಡುಗನಿಗೆ ಅದು ಬೇಡವಾಗಿತ್ತು.

ಶನಿವಾರದ ವಿಜ್ಞಾನ ಸಂಘದ ಅವಧಿಯಲ್ಲಿ ನಮಗೆ ಬೇಕಾದ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಮಾರ್ಗದರ್ಶಕ ಶಿಕ್ಷಕರು ಕೊಟ್ಟಿದ್ದರು. 'ನಾಯಿ ಹೇಗೆ ಕಲಿಯುತ್ತದೆ?' ಎಂಬ ವಿಷಯವನ್ನು ತೆಗೆದುಕೊಂಡೆ. ನನಗೂ ಒಂದು ಕಾರಣವಿತ್ತು. ನಾನು ಮುಧೋಳ ಸೀಮೆಯವಳು. ನಮ್ಮ ಮನೆಯಲ್ಲಿ ಬೇಟೆ ನಾಯಿ ಇತ್ತು, ಮತ್ತು ನಮ್ಮಲ್ಲಿ ಎಲ್ಲರೂ ಹೇಳುವ ಮಾತು, ಈ ನಾಯಿ ಓಡುತ್ತದೆ, ಕಲಿಯುವುದಿಲ್ಲ ಎಂದು.

ಮೊದಲ ಶನಿವಾರ: ಸರಿಯುತ್ತರ ಬಂತು, ಕಲಿಕೆ ಬರಲಿಲ್ಲ

ಪಾಠಯೋಜನೆಯನ್ನು ನಾನು ಅಚ್ಚುಕಟ್ಟಾಗಿಯೇ ಬರೆದಿದ್ದೆ. ಮೊದಲು ಮಕ್ಕಳ ಪೂರ್ವಜ್ಞಾನವನ್ನು ಹೊರತೆಗೆಯುವುದು, ತಪ್ಪು ಕಲ್ಪನೆಗಳನ್ನು ಕಪ್ಪುಹಲಗೆಯ ಎಡಕ್ಕೆ ಬರೆಯುವುದು, ಬಲಕ್ಕೆ ವೈಜ್ಞಾನಿಕ ವಿವರಣೆ ಬರೆಯುವುದು. ಎಡಭಾಗ ಐದು ನಿಮಿಷದಲ್ಲಿ ತುಂಬಿತು. ಬಡಿದರೇ ಬುದ್ಧಿ ಬರುತ್ತದೆ. ರೊಟ್ಟಿ ತೋರಿಸಿದರೆ ಮಾತ್ರ ಬರುತ್ತದೆ, ಇಲ್ಲದಿದ್ದರೆ ತಿರುಗಿಯೂ ನೋಡುವುದಿಲ್ಲ. ಮುದ್ದು ಮಾಡಿದರೆ ತಲೆಯ ಮೇಲೆ ಕೂಡುತ್ತದೆ. ಯಜಮಾನ ಯಾರೆಂದು ಮೊದಲೇ ತೋರಿಸಬೇಕು. ದೊಡ್ಡದಾದ ಮೇಲೆ ಏನೂ ಕಲಿಯುವುದಿಲ್ಲ. ಕೊನೆಯದಕ್ಕೆ ಪುರಾವೆಯಾಗಿ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಎಂದು ಒಬ್ಬಳು, 'ನಾಯಿ ಬಾಲ ಡೊಂಕು' ಎಂದು ಮತ್ತೊಬ್ಬ ಗಾದೆಗಳನ್ನು ಒದಗಿಸಿದರು. ಗಾದೆಯ ಎದುರು ಪ್ರಶಿಕ್ಷಣಾರ್ಥಿಯ ಮಾತು ಎಷ್ಟು ತೂಗೀತು?

ಬಲಭಾಗವನ್ನು ನಾನು ತುಂಬಿಸಿದೆ. ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾಡಿದ ಪ್ರಯೋಗ, ಪರಿಣಾಮ ನಿಯಮ, ಸ್ಕಿನ್ನರನ ಕ್ರಿಯಾಜನ್ಯ ಅನುಬಂಧನ, ಧನಾತ್ಮಕ ಪುನರ್ಬಲನ. ನಮ್ಮ ಬಿ.ಇಡಿ. ಟಿಪ್ಪಣಿ ಪುಸ್ತಕವೇ ಕಪ್ಪುಹಲಗೆಗೆ ಇಳಿದಂತಿತ್ತು. ಮೌಲ್ಯಮಾಪನದ ಐದು ಪ್ರಶ್ನೆಗಳಿಗೆ ಹೆಚ್ಚಿನವರು ಸರಿಯುತ್ತರ ಬರೆದರು. ಅವಧಿ ಮುಗಿದು ಹೊರಗೆ ಬಂದರೆ, ಶಾಲೆಯ ಕಂಪೌಂಡಿನ ನೆರಳಿನಲ್ಲಿ ಮಲಗಿದ್ದ ಬೀದಿನಾಯಿಗೆ ಮೊದಲ ಕಲ್ಲು ಎಸೆದವನು ಐದಕ್ಕೆ ಐದು ತೆಗೆದುಕೊಂಡ ಹುಡುಗ.

ನಾವು ಮನೋವಿಜ್ಞಾನದ ಪತ್ರಿಕೆಯಲ್ಲಿ ಪಾವ್ಲೋವನ ನಾಯಿಯ ಬಗ್ಗೆ ಎರಡು ಪುಟ ಬರೆಯುತ್ತೇವೆ. ಗಂಟೆ, ಮಾಂಸದ ಪುಡಿ, ಜೊಲ್ಲು, ಎಲ್ಲವೂ ಬಾಯಿಪಾಠ. ಓಣಿಯ ನಾಯಿ ಏನನ್ನು ಕಲಿಯುತ್ತಿದೆಯೆಂದು ಒಂದು ಸಂಜೆ ನಿಂತು ನೋಡಿದವರು ನಮ್ಮ ತಂಡದಲ್ಲಿ ಯಾರೂ ಇರಲಿಲ್ಲ, ನಾನೂ ಸೇರಿ.

ಎರಡನೆಯ ಶನಿವಾರ: 'ತಪ್ಪು' ಮತ್ತು ಚಪ್ಪಾಳೆ

ಕ್ಯಾರನ್ ಪ್ರಯರ್ ಎಂಬ ಅಮೆರಿಕದ ಪ್ರಾಣಿ ತರಬೇತುದಾರ್ತಿ 1984ರಲ್ಲಿ ಬರೆದ ಪುಸ್ತಕದಿಂದ ಪ್ರಸಿದ್ಧರಾದವರು. ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದವರು. ಡಾಲ್ಫಿನ್‌ಗೆ ಹಗ್ಗ ಕಟ್ಟಿ ಎಳೆಯಲು ಬರುವುದಿಲ್ಲ, ಬೈದರೆ ಅದು ಈಜಿ ಹೋಗುತ್ತದೆ. ಕಲಿಸಬೇಕಾದರೆ ಸರಿಯಾದ ಕ್ಷಣಕ್ಕೆ ಸೀಟಿ ಊದಿ ಮೀನು ಕೊಡುವುದೊಂದೇ ದಾರಿ. ಅವರು ಜನರಿಗೆ ಈ ತತ್ತ್ವವನ್ನು ತಿಳಿಸಲು ಒಂದು ಆಟವನ್ನು ಬಳಸುತ್ತಿದ್ದರು. ಆ ಆಟವನ್ನು ನಾನು ಸ್ವಲ್ಪ ಬದಲಿಸಿ ತಂದೆ.

ಒಬ್ಬ ಹುಡುಗಿಯನ್ನು ಹೊರಗೆ ಕಳಿಸಿದೆವು. ಅವಳು ಒಳಗೆ ಬಂದು ಮೂಲೆಯ ನೀರಿನ ಕೊಡದ ಮುಚ್ಚಳ ಮುಟ್ಟಬೇಕು ಎಂದು ತರಗತಿ ನಿರ್ಧರಿಸಿತು. ನಿಯಮ ಒಂದೇ: ಅವಳು ಬೇರೆ ಏನು ಮಾಡಿದರೂ ಎಲ್ಲರೂ 'ತಪ್ಪು' ಎನ್ನಬೇಕು, ಬೇರೆ ಸುಳಿವಿಲ್ಲ. ಅವಳು ನಗುತ್ತ ಬಂದಳು. ಕಪ್ಪುಹಲಗೆಯತ್ತ ನಡೆದಳು, ತಪ್ಪು. ಕಿಟಕಿಯತ್ತ, ತಪ್ಪು. ಮೇಜು ಮುಟ್ಟಿದಳು, ನಲವತ್ತು ಗಂಟಲುಗಳು, ತಪ್ಪು! ಎರಡು ನಿಮಿಷವಾಗುವಷ್ಟರಲ್ಲಿ ಅವಳು ಬಾಗಿಲ ಬಳಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಕಾಲು ಎತ್ತಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, "ಈಗ ಶಾಂತ ಆದ್ಲು ನೋಡ್ರಿ" ಎಂದ. ನಾನು ಆಟ ನಿಲ್ಲಿಸಿದೆ. ಇನ್ನೊಂದು ಕ್ಷಣ ಬಿಟ್ಟಿದ್ದರೆ ಅವಳು ಅಳುತ್ತಿದ್ದಳು, ಅದನ್ನು ನಾನು ಮೊದಲೇ ಊಹಿಸಬೇಕಿತ್ತು. ಈ ಆಟವನ್ನು ಮಾಡಿಸುವ ಸಹಪಾಠಿಗಳು 'ತಪ್ಪು' ಸುತ್ತನ್ನು ಮಕ್ಕಳ ಮೇಲೆ ಮಾಡಬೇಡಿ, ಆ ಪಾತ್ರವನ್ನು ನೀವೇ ವಹಿಸಿ.

ಎರಡನೆಯ ಸುತ್ತಿಗೆ ಒಬ್ಬ ಹುಡುಗ. ಈ ಬಾರಿ 'ತಪ್ಪು' ಇಲ್ಲ. ಗುರಿಯತ್ತ ಒಂದು ಹೆಜ್ಜೆ ಬಂದ ಕೂಡಲೇ ಒಂದು ಚಪ್ಪಾಳೆ, ಅಷ್ಟೇ. ಅವನು ಕಿಟಕಿಯತ್ತ ಹೋದ, ಮೌನ. ತಿರುಗಿದ, ಚಪ್ಪಾಳೆ. ಒಂದು ಹೆಜ್ಜೆ, ಚಪ್ಪಾಳೆ. ಕೈ ಎತ್ತಿದ, ಚಪ್ಪಾಳೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮುಚ್ಚಳ ಮುಟ್ಟಿ ಅವನು ಕೇಳಿದ್ದು, "ಇನ್ನೊಂದ್ಸಲ ಮಾಡೂನ್ರಿ?" ವರ್ತನಾ ರೂಪಣೆ ಎಂದು ನಾವು ಪರೀಕ್ಷೆಯಲ್ಲಿ ಬರೆಯುವುದು ಇದನ್ನೇ ಎಂದು ನನಗೂ ಆಗಲೇ ಮನಸ್ಸಿಗೆ ಮುಟ್ಟಿದ್ದು.

ಆಮೇಲೆ ಮೊದಲ ಹುಡುಗಿಯನ್ನು ಕೇಳಿದೆ: ಗೋಡೆಗೆ ನಿಂತಾಗ ನಿನಗೆ ಏನನ್ನಿಸಿತು? "ಏನ ಮಾಡಿದ್ರೂ ತಪ್ಪ ಅಂತಾರ, ಸುಮ್ಮ ನಿಂತ್ರ ಬೇಸಿ ಅನಸ್ತ್ರಿ." ನೀರಿನ ಕೊಡದ ಬಗ್ಗೆ ಏನಾದರೂ ಕಲಿತೆಯಾ? "ಇಲ್ರಿ." ಹಾಗಾದರೆ ಹಿಂದಿನ ಬೆಂಚಿನವನು ಕಂಡ 'ಶಾಂತ' ಯಾವುದು? ಪೆಟ್ಟು ತಿಂದ ನಾಯಿ ಬಾಲ ಮುದುರಿ ಮೂಲೆಯಲ್ಲಿ ಕೂತಾಗ ಮನೆಯವರು 'ಬುದ್ಧಿ ಬಂತು' ಎನ್ನುತ್ತಾರಲ್ಲ, ಅದು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ.

ಇಲ್ಲಿ ಮಾತ್ರ ಒಂದು ಅಧ್ಯಯನವನ್ನು ಹೇಳಿದೆ. ಪೋರ್ಚುಗಲ್ಲಿನ ಪೋರ್ಟೊ ಪ್ರದೇಶದ ತರಬೇತಿ ಶಾಲೆಗಳ 92 ಸಾಕುನಾಯಿಗಳ ಬಗ್ಗೆ 2020ರಲ್ಲಿ ಪ್ರಕಟವಾದದ್ದು. ಗದರಿ, ಪಟ್ಟಿ ಜಗ್ಗಿ ಕಲಿಸುವ ಶಾಲೆಗಳ ನಾಯಿಗಳು ತರಬೇತಿಯ ವೇಳೆ ಹೆಚ್ಚು ಒತ್ತಡದ ಲಕ್ಷಣಗಳನ್ನು ತೋರಿದವು, ತರಬೇತಿಯ ನಂತರ ಅವುಗಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಹೆಚ್ಚಿತ್ತು. ಮಕ್ಕಳಿಗೆ ಹಿಡಿಸಿದ್ದು ಬಟ್ಟಲಿನ ಪರೀಕ್ಷೆ. ಒಂದು ಬದಿಗಿಟ್ಟ ಬಟ್ಟಲಿನಲ್ಲಿ ಸದಾ ತಿನಿಸು, ಇನ್ನೊಂದು ಬದಿಯಲ್ಲಿ ಸದಾ ಖಾಲಿ ಎಂದು ನಾಯಿಗೆ ರೂಢಿ ಮಾಡಿಸಿ, ಕೊನೆಗೆ ಬಟ್ಟಲನ್ನು ನಡುವೆ ಇಡುವುದು. ತಿನಿಸು ಇದ್ದೀತೆಂದು ಓಡಿ ಬರುವ ನಾಯಿ ಯಾವುದು, ಖಾಲಿ ಇದ್ದೀತೆಂದು ನಿಧಾನಿಸುವುದು ಯಾವುದು? ಹೆಚ್ಚು ಗದರಿಸಿಕೊಂಡ ನಾಯಿಗಳು ನಿಧಾನಿಸಿದವು. "ಪಾಪ, ಅದಕ್ಕ ಆಸೇನ ಇಲ್ಲ" ಎಂದು ಒಬ್ಬಳು ಹೇಳಿದಳು. ಸಂಶೋಧಕರು ಬಳಸಿದ್ದು 'ನಿರಾಶಾವಾದ' ಎಂಬ ಪದ.

'ಲಂಚ' ಎಂಬ ಆಕ್ಷೇಪ

ತಿನಿಸು ಕೊಟ್ಟು ಕಲಿಸುವುದು ಲಂಚ ಕೊಟ್ಟಂತೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿತು, ಮತ್ತು ಅದರಲ್ಲಿ ಅರ್ಧ ಸತ್ಯವಿದೆ. ಮಕ್ಕಳು ಮಾಡುತ್ತಿದ್ದುದನ್ನು ಮಾಡಿ ತೋರಿಸಲು ಹೇಳಿದೆ. ಒಬ್ಬ ಕೈಯಲ್ಲಿ ರೊಟ್ಟಿ ಹಿಡಿದು, ಎತ್ತಿ ತೋರಿಸಿ, ಆಮೇಲೆ 'ಬಾ' ಎನ್ನುವ ಅಭಿನಯ ಮಾಡಿದ. ಇಲ್ಲಿ ನಾಯಿ ಕಲಿತದ್ದು 'ಬಾ' ಎಂಬ ಮಾತನ್ನಲ್ಲ, ರೊಟ್ಟಿಯ ನೋಟವನ್ನು. ಕೈ ಖಾಲಿಯಿದ್ದರೆ ಬರುವುದಿಲ್ಲವೆಂದರೆ ಅದು ತಾನು ಕಲಿತದ್ದನ್ನೇ ಸರಿಯಾಗಿ ಮಾಡುತ್ತಿದೆ. ಕ್ರಮವನ್ನು ತಿರುಗಿಸಬೇಕು: ಮೊದಲು ಮಾತು, ನಂತರ ವರ್ತನೆ, ಅದಾದ ಮೇಲೆ ಜೇಬಿನಿಂದ ರೊಟ್ಟಿ. ಅದೂ ಬಂದು ಒಂದೆರಡು ಸೆಕೆಂಡಿನೊಳಗೆ. ತಡವಾದರೆ ನಾಯಿ ಆಗ ಏನು ಮಾಡುತ್ತಿತ್ತೋ ಅದಕ್ಕೆ ಬಹುಮಾನ ಸಿಕ್ಕಂತಾಗುತ್ತದೆ. ವರ್ತನೆ ಗಟ್ಟಿಯಾದ ಮೇಲೆ ಪ್ರತಿ ಸಲ ಕೊಡಬೇಕಿಲ್ಲ. ಕೆಲವೊಮ್ಮೆ ಕೊಟ್ಟು ಕೆಲವೊಮ್ಮೆ ಬಿಟ್ಟರೆ ವರ್ತನೆ ಇನ್ನೂ ಬಾಳಿಕೆ ಬರುತ್ತದೆ ಎಂಬುದು ಸ್ಕಿನ್ನರನ ಪುನರ್ಬಲನ ಯೋಜನೆಗಳಿಂದ ನಮಗೆ ಗೊತ್ತಿದೆ. ಸಂತೆಯಲ್ಲಿ ಚೀಟಿ ಎತ್ತುವ ಆಟದ ಮುಂದೆ ಜನ ಯಾಕೆ ನಿಲ್ಲುತ್ತಾರೆ ಎಂದು ಕೇಳಿದೆ, ಅರ್ಥವಾಯಿತು.

"ನಮ್ಮ ಮನ್ಯಾಗ ಮಂದಿಗೇ ಬಿಸ್ಕಿಟ್ ಇಲ್ರಿ, ನಾಯಿಗೆಲ್ಲಿಂದ?" ಎಂಬುದು ನಾನು ಎದುರು ನೋಡಿರದ ಪ್ರಶ್ನೆ. ಯೋಜನೆಯಲ್ಲಿ ನಾನು ಬರೆದಿದ್ದ ಉದಾಹರಣೆಗಳೆಲ್ಲ ಪೇಟೆಯವು. ಉತ್ತರ ಮಕ್ಕಳಿಂದಲೇ ಬಂತು: ಹೇಗೂ ಸಂಜೆಗೆ ಹಾಕುವ ಒಂದು ರೊಟ್ಟಿಯನ್ನು ಹದಿನೈದು ಚೂರು ಮಾಡಿದರಾಯಿತು. ತಿನಿಸೇ ಆಗಬೇಕೆಂದೂ ಇಲ್ಲ. ವಾಸನೆ ಹಿಡಿಯುವ ನಾಯಿಗಳಿಗೆ ಒಂದು ಚೆಂಡಿನ ಆಟವೇ ಕೂಲಿ. ಈ ಸಂದರ್ಭದಲ್ಲಿ ಎಚ್ಚರಿಕೆಯನ್ನೂ ಹೇಳಿದೆ, ಏಕೆಂದರೆ ನಮ್ಮದು ಉಳ್ಳಾಗಡ್ಡಿಯ ಸೀಮೆ: ಉಳ್ಳಾಗಡ್ಡಿ, ಬಳ್ಳೊಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನು ಹಾಳು ಮಾಡುತ್ತವೆ, ಚಾಕಲೇಟು ವಿಷ, ದ್ರಾಕ್ಷಿಯೂ ಅಪಾಯ. ಪಲ್ಯ ಕಲಸಿದ ರೊಟ್ಟಿಗಿಂತ ಒಣ ರೊಟ್ಟಿ ಮೇಲು.

ಕರೆದರೆ ಬಾರದ ನಾಯಿಯ ಕಥೆಗಳು ಬಹಳ ಬಂದವು. ಒಬ್ಬನ ನಾಯಿ ಕಡಲೆ ಹೊಲದಲ್ಲಿ ಚಿಗರಿಯ ಬೆನ್ನು ಹತ್ತುತ್ತಿತ್ತು, ಅರ್ಧ ಗಂಟೆ ಕೂಗಿದ ಮೇಲೆ ಬರುತ್ತಿತ್ತು. ಬಂದಾಗ ಏನು ಮಾಡುತ್ತೀರಿ? "ಎರಡ ಹಾಕ್ತೀವ್ರಿ." ತರಗತಿ ನಕ್ಕಿತು, ಅವನೂ ನಕ್ಕ, ಆಮೇಲೆ ನಗು ನಿಂತಿತು. ಪೆಟ್ಟು ಬಿದ್ದದ್ದು ಓಡಿದ್ದಕ್ಕಲ್ಲ, ಬಂದದ್ದಕ್ಕೆ ಎಂದು ಅವನಿಗೆ ಹೊಳೆದದ್ದು ಮುಖದಲ್ಲಿ ಕಾಣುತ್ತಿತ್ತು. ಆದರೆ ಚಿಗರಿಯ ಬೆನ್ನು ಹತ್ತಿದ ನಾಯಿಗೆ ರೊಟ್ಟಿಯ ಚೂರು ಸಾಟಿಯಲ್ಲ, ಅದನ್ನೂ ಒಪ್ಪಬೇಕು. ಅಲ್ಲಿಯವರೆಗೆ ಹಗ್ಗವೇ ಗತಿ. ಬಹುಮಾನದ ವಿಧಾನವೆಂದರೆ ಎಲ್ಲಕ್ಕೂ ಬಿಟ್ಟುಕೊಡುವುದು ಎಂಬ ಕಲ್ಪನೆಯೂ ತಪ್ಪೇ. ಹಗ್ಗ ಕಟ್ಟುವುದು, ಬಾಗಿಲು ಹಾಕುವುದು, ಬೇಡದ ವರ್ತನೆಗೆ ಸಿಗುವ ಲಾಭವನ್ನು ತಪ್ಪಿಸುವುದು, ಎಲ್ಲವೂ ಅದರೊಳಗಿವೆ.

'ಯಜಮಾನಿಕೆ'ಯ ಮಾತಿಗೆ ಹೆಚ್ಚು ಹೊತ್ತು ಕೊಡಲಿಲ್ಲ. ತೋಳದ ಹಿಂಡಿನಲ್ಲಿ ಕಾದಾಡಿ ಗೆದ್ದದ್ದೇ ನಾಯಕ ಎಂಬ ಕಲ್ಪನೆ ರುಡಾಲ್ಫ್ ಶೆಂಕೆಲ್ ಅವರು 1947ರಲ್ಲಿ ಬಂಧನದಲ್ಲಿದ್ದ ತೋಳಗಳ ಬಗ್ಗೆ ಬರೆದದ್ದರಿಂದ ಬಲವಾಯಿತು. ಅದನ್ನು 1970ರ ತಮ್ಮ ಪುಸ್ತಕದಲ್ಲಿ ಹರಡಿದ ಡೇವಿಡ್ ಮೆಕ್ ಅವರೇ, ಕಾಡಿನ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಕುಟುಂಬ ಎಂದು 1999ರಲ್ಲಿ ತಿದ್ದಿದರು. ವಿಜ್ಞಾನಿ ತನ್ನ ಮಾತನ್ನು ತಾನೇ ತಿದ್ದಿಕೊಂಡ ಉದಾಹರಣೆಯಾಗಿ ಇದು ತರಗತಿಗೆ ಬೇಕು. ನಾಯಿ ತೋಳವಲ್ಲ ಎಂಬುದು ಬೇರೆ ಮಾತು.

ಇಲ್ಲಿ ಕುರಿಗಾರರ ಮನೆಯ ಹುಡುಗನೊಬ್ಬ ನನ್ನ ಪಾಠಕ್ಕೆ ತಿದ್ದುಪಡಿ ತಂದ. ಅವರ ಹಿಂಡಿನ ನಾಯಿಗೆ ಯಾರೂ ಬಡಿದಿಲ್ಲ, ಚೂರು ರೊಟ್ಟಿಯ ಪಾಠವನ್ನೂ ಹೇಳಿಲ್ಲ. ಕಣ್ಣು ಬಿಟ್ಟ ಮರಿಯಾಗಿದ್ದಾಗಿನಿಂದ ಕುರಿಮರಿಗಳ ಜೊತೆ ಬಲೆಯೊಳಗೇ ಬೆಳೆದಿದೆ, ಅದಕ್ಕೆ ಕಾಯುತ್ತದೆ. ಅವನು ಹೇಳಿದ್ದು ನಿಜ. ಮರಿಯ ಸುಮಾರು 3ರಿಂದ 12 ವಾರಗಳ ಅವಧಿಯಲ್ಲಿ ಯಾರ ಸಂಗದಲ್ಲಿ ಬೆಳೆಯಿತೋ ಅವರನ್ನು ತನ್ನವರೆನ್ನುವುದು ಬೇರೆಯೇ ಬಗೆಯ ಕಲಿಕೆ. ಎಲ್ಲವನ್ನೂ ಪುನರ್ಬಲನಕ್ಕೆ ಕಟ್ಟಿಹಾಕಲು ಹೊರಟಿದ್ದ ನನಗೆ ಇದು ಬೇಕಿತ್ತು. ಹಾಗೆಯೇ ಮುಧೋಳದ ನಾಯಿ ಕಲಿಯುವುದಿಲ್ಲವೆಂಬ ನಮ್ಮೂರ ಮಾತು. ಅದು ಕಣ್ಣಿನಿಂದ ಬೇಟೆಯಾಡುವ ತಳಿ, ದೂರದಲ್ಲಿ ಏನಾದರೂ ಅಲುಗಿದರೆ ಗಮನ ಅತ್ತ ಹೋಗುತ್ತದೆ. ಅದಕ್ಕೆ ಬೇಕಾದದ್ದು ಬೇರೆ ಬಹುಮಾನ, ಚಿಕ್ಕ ಪಾಠ. 2016ರಲ್ಲಿ ಭಾರತೀಯ ಸೇನೆ ಮುಧೋಳದ ಮರಿಗಳನ್ನು ತರಬೇತಿಗಾಗಿ ಮೀರತ್ತಿನ ರಿಮೌಂಟ್ ಅಂಡ್ ವೆಟರ್ನರಿ ಕೋರ್ ಕೇಂದ್ರಕ್ಕೆ ಒಯ್ದದ್ದನ್ನು ಹೇಳುವಾಗ ನನ್ನ ದನಿಯಲ್ಲಿ ಊರಿನ ಅಭಿಮಾನ ಸ್ವಲ್ಪ ಹೆಚ್ಚಾಯಿತು ಎಂದು ವೀಕ್ಷಕರು ಬರೆದಿದ್ದಾರೆ.

ವೀಕ್ಷಕರ ಪ್ರಶ್ನೆ

ಎರಡನೆಯ ಶನಿವಾರದ ಪಾಠವನ್ನು ನಮ್ಮ ಕಾಲೇಜಿನ ಉಪನ್ಯಾಸಕರು ವೀಕ್ಷಿಸಿದ್ದರು. ವೀಕ್ಷಣಾ ಪುಸ್ತಕದಲ್ಲಿ ಅವರು ಬರೆದ ಒಂದು ಸಾಲು: ಮಕ್ಕಳನ್ನು ನಾಯಿಯ ಸ್ಥಾನದಲ್ಲಿ ನಿಲ್ಲಿಸಿ ಪಾಠ ಮಾಡಿದ್ದೀರಿ, ಇದರ ಮಿತಿ ನಿಮಗೆ ತಿಳಿದಿದೆಯೇ?

ತಿಳಿದಿರಲಿಲ್ಲ, ಅಥವಾ ತಿಳಿದೂ ತಪ್ಪು ಮಾಡಿದ್ದೆ. ಈ ಶಾಲೆಗೆ ಬಂದ ಮೊದಲ ವಾರ ನಾನು ಉತ್ತರ ಹೇಳಿದವರಿಗೆಲ್ಲ ಪೆಪ್ಪರಮಿಂಟು ಹಂಚಿದ್ದೆ. ಪಾಠ ಆರಂಭಿಸುವ ಮೊದಲೇ ಪೊಟ್ಟಣವನ್ನು ಮೇಜಿನ ಮೇಲೆ ಇಡುತ್ತಿದ್ದೆ. ರೊಟ್ಟಿ ಎತ್ತಿ ತೋರಿಸಿದ ಹುಡುಗನಂತೆಯೇ. ಕೈಗಳು ಮೇಲೆದ್ದವು. ಎರಡನೆಯ ವಾರ ಪೊಟ್ಟಣ ಮುಗಿಯಿತು, ಕೈಗಳೂ ಇಳಿದವು. ಒಬ್ಬಳು ಪ್ರಶ್ನೆ ಕೇಳುವ ಮೊದಲೇ "ಇವತ್ತ ಏನೂ ಇಲ್ಲೇನ್ರಿ?" ಎಂದಳು. ಅವಳು ಮೊದಲ ದಿನ, ಪೆಪ್ಪರಮಿಂಟು ಹಂಚುವ ಮುಂಚೆಯೇ, ಹಲ್ಲಿಯ ಬಾಲ ಕಡಿದು ಬಿದ್ದ ಮೇಲೂ ಯಾಕೆ ಒದ್ದಾಡುತ್ತದೆ ಎಂದು ತಾನಾಗಿ ಕೇಳಿದ್ದ ಹುಡುಗಿ.

ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಾವೆಲ್ಲ ಓದಿದ್ದೇವೆ. ಚಿತ್ರ ಬಿಡಿಸುವುದನ್ನು ತಾವಾಗಿ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ, ಬಿಡಿಸಿದರೆ ಬಹುಮಾನ ಕೊಡುತ್ತೇವೆ ಎಂದು ಮುಂಚೆ ಹೇಳಿ ಕೊಟ್ಟಾಗ, ಮುಂದಿನ ದಿನಗಳಲ್ಲಿ ಅವರು ಬಿಡುವಿನಲ್ಲಿ ಚಿತ್ರ ಬಿಡಿಸುವುದು ಕಡಿಮೆಯಾಯಿತು. ಹೇಳದೆ ಕೊಟ್ಟವರಲ್ಲಿ, ಏನೂ ಕೊಡದವರಲ್ಲಿ ಹಾಗಾಗಲಿಲ್ಲ. ಮೊದಲೇ ಆಸಕ್ತಿ ಇರುವಲ್ಲಿ ಆಸೆ ತೋರಿಸಿದರೆ ಮಗು ಅದನ್ನು ಕೂಲಿಯ ಕೆಲಸವೆಂದು ಎಣಿಸುತ್ತದೆ. ನಾಯಿಗೆ ಇಂಥ ಲೆಕ್ಕಾಚಾರವಿದೆಯೆಂದು ನಾನು ಹೇಳಲಾರೆ. ಮಗುವಿಗೆ ಅರ್ಥ ಬೇಕು, ಕಾರಣ ಬೇಕು, ಒಪ್ಪದಿರುವ ಅವಕಾಶ ಬೇಕು. ಹಾಗಾಗಿ ನಾಯಿಯ ಪಾಠದಿಂದ ತರಗತಿಗೆ ನಾನು ತಂದುಕೊಳ್ಳುವುದು ತಿನಿಸನ್ನಲ್ಲ. ಸರಿಯಾದದ್ದನ್ನು ಆ ಕ್ಷಣಕ್ಕೆ ಗುರುತಿಸಿ ಹೇಳುವುದನ್ನು, ಮತ್ತು ನಲವತ್ತು ಗಂಟಲಿನ 'ತಪ್ಪು' ಮಗುವನ್ನು ಗೋಡೆಗೆ ನಿಲ್ಲಿಸುತ್ತದೆಂಬುದನ್ನು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎರಡನೆಯ ಪದವನ್ನು ನಾನು ಇದುವರೆಗೆ ಓದಿ ದಾಟುತ್ತಿದ್ದೆ.

ಮೂರನೆಯ ಶನಿವಾರ ಮತ್ತು ಆ ನಾಯಿ

ಕಚ್ಚಿದ ನಾಯಿಯ ವಿಷಯವನ್ನು ತರಗತಿಯಲ್ಲಿ ಎತ್ತುವ ಮೊದಲು ಹುಡುಗನ ಒಪ್ಪಿಗೆ ಕೇಳಿದೆ. ಗುರುಗುಟ್ಟುವುದು ದುರ್ಬುದ್ಧಿಯೋ, ಮಾತೋ ಎಂಬುದು ಅಂದಿನ ಪ್ರಶ್ನೆ. ರೈಲ್ವೆ ಗೇಟಿನ ಗಂಟೆ ಕಿರಿಕಿರಿಯೆಂದು ಕಿತ್ತು ಹಾಕಿದರೆ ರೈಲು ನಿಲ್ಲುತ್ತದೆಯೇ ಎಂದು ಕೇಳಿದೆ. ಪೆಟ್ಟಿನಿಂದ ಗುರುಗುಟ್ಟುವಿಕೆ ಅಡಗಿತು, ಆದರೆ ತಾಟಿನ ಹತ್ತಿರ ಯಾರಾದರೂ ಬಂದರೆ ಆಗುವ ಭಯ ಅಡಗಲಿಲ್ಲ. ಮನುಷ್ಯ ಹತ್ತಿರ ಬಂದರೆ ಪೆಟ್ಟೂ ಬೀಳುತ್ತದೆಂದು ಅದು ಹೆಚ್ಚಾಯಿತು. ಪಾವ್ಲೋವ್ ಮತ್ತು ಸ್ಕಿನ್ನರ್ ಇಬ್ಬರೂ ಒಂದೇ ತಾಟಿನ ಮುಂದೆ ಕೂತಿದ್ದರು ಎನ್ನಬಹುದು.

ಅಂದು ಸಂಜೆ ಮಾರ್ಗದರ್ಶಕ ಶಿಕ್ಷಕರ ಜೊತೆ ಅವನ ಮನೆಗೆ ಹೋದೆ. ಹತ್ತು ದಿನ ಕಳೆದಿದ್ದವು, ನಾಯಿ ಆರೋಗ್ಯವಾಗಿತ್ತು. ಅದಕ್ಕೆ ಲಸಿಕೆ ಹಾಕಿಸಿರಲಿಲ್ಲ, ಪಶು ಆಸ್ಪತ್ರೆಗೆ ಒಯ್ಯಲು ಹೇಳಿದೆವು. ಊಟ ಹಿತ್ತಲಿನಲ್ಲಿ ಬೇರೆ ಹಾಕಿ, ಮಕ್ಕಳು ಆ ಕಡೆ ಸುಳಿಯದಂತೆ ನೋಡಿಕೊಳ್ಳಿ. ದೊಡ್ಡವರೊಬ್ಬರು ಮಾತ್ರ, ಅದು ಉಣ್ಣುವಾಗ ದೂರದಿಂದಲೇ ಒಂದು ಒಳ್ಳೆಯ ಚೂರು ಎಸೆದು ತಿರುಗಿ ಹೋಗಿ, ತಾಟು ಮುಟ್ಟಲು ಹೋಗಬೇಡಿ. ಗುರುಗುಟ್ಟಿದರೆ ಹಿಂದೆ ಸರಿಯಿರಿ. ಹುಡುಗನ ತಂದೆ ಕೇಳಿಸಿಕೊಂಡು, "ಅಂದ್ರ ನಾಯಿಗೆ ನಾವ ಅಂಜಬೇಕಲ್ರಿ?" ಎಂದರು. ನಾನು ಸಿದ್ಧಪಡಿಸಿಕೊಂಡಿದ್ದ ಉತ್ತರಗಳೆಲ್ಲ ಪಠ್ಯಪುಸ್ತಕದವು. ಅಜ್ಜಿ ಒಳಗಿನಿಂದ, "ಉಣ್ಣೂ ಮುಂದ ನಿನ್ನ ತಾಟಿಗೆ ಕೈ ಹಾಕಿದ್ರ ನೀ ಸುಮ್ಮ ಇರ್ತಿಯೇನು?" ಎಂದಳು. ತಂದೆ ಮತ್ತೆ ಮಾತಾಡಲಿಲ್ಲ. ಒಪ್ಪಿದರೋ, ತಾಯಿಯೆದುರು ಸುಮ್ಮನಾದರೋ ಗೊತ್ತಾಗಲಿಲ್ಲ.

ನನ್ನ ಅವಧಿ ಮುಗಿಯುವ ಹೊತ್ತಿಗೆ ನಾಯಿ ಮನೆಯಲ್ಲೇ ಇತ್ತು. ಹುಡುಗ ವಿಜ್ಞಾನದ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾಂಕ, ಎಷ್ಟು ಮಾರು ದೂರದಿಂದ ಅಪ್ಪ ಚೂರು ಎಸೆದರು, ನಾಯಿ ತಲೆ ಎತ್ತಿತೋ ಇಲ್ಲವೋ ಎಂದು ಮೂರು ಅಂಕಣ ಹಾಕಿ ಬರೆಯುತ್ತಿದ್ದ. ಎಂಟು ಮಾರಿನಿಂದ ಆರು ಮಾರಿಗೆ ಬಂದಿತ್ತು. ಎರಡು ದಿನ ಖಾಲಿ ಬಿಟ್ಟಿದ್ದ, ಕೇಳಿದರೆ, "ಅವತ್ತ ಮತ್ತ ಗುರ್ ಅಂತ್ರಿ. ಅಪ್ಪ ಬಡಿಲಿಲ್ಲ, ಹಿಂದ ಸರದ್ರು. ಅದನ್ನ ಯಾವ ಅಂಕಣದಾಗ ಬರೀಲಿ ತಿಳಿಲಿಲ್ರಿ" ಎಂದ. ನಾಲ್ಕನೆಯ ಅಂಕಣವೊಂದನ್ನು ಎಳೆದುಕೊಟ್ಟೆ.